ನೀವು ತಿದ್ದಿಟ್ಟು ಹೋದ ಪುಟ

ಬುಧವಾರ, ಮಧ್ಯಾಹ್ನ

ಕೆಂಪು ಶಾಯಿಯ ನನ್ನ ಯಜಮಾನರಿಗೆ,

ನೀವು ನಿಮ್ಮ ಅಕ್ಕನ ಮನೆಗೆ ಹೋಗಿ ಇಂದಿಗೆ ಇಪ್ಪತ್ತು ದಿನ. ಫೋನ್ ಎತ್ತುವುದಿಲ್ಲವೆಂದು ಕಾಗದ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಬೇಡಿ, ಸುಮ್ಮನೆ ಓದಿ.

ಕನ್ನಡಕದಂಗಡಿಯ ಹಿರಿಯರಿಗಾಗಿ ನಾನು ಶೃಂಗಾರದ ಕಥೆ ಬರೆಯುವುದಕ್ಕೆ ನೀವೆಂದೂ ಮುಖ ಸಿಂಡರಿಸಲಿಲ್ಲ. ದುಡ್ಡು ಕೊಟ್ಟು ಬರೆಸುವ ಅವರೊಬ್ಬರೇ ಓದುಗರು, ಒಂದೇ ಪ್ರತಿ ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು ಅವರ ಬೀರು ಸೇರುತ್ತಿತ್ತು. ನೀವು ಪ್ರೆಸ್ಸಿನ ಕೆಲಸ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಅದರ ಪ್ರೂಫ್ ತಿದ್ದುತ್ತಿದ್ದಿರಿ. "ಇವರಿಬ್ರೂ ಮೂರು ಪುಟದಿಂದ ಮುತ್ತೇ ಕೊಡ್ತಿದಾರೆ, ಉಸಿರಾಡೋಕಾದ್ರೂ ಒಂದು ಪೂರ್ಣವಿರಾಮ ಹಾಕೇ ಮಹರಾಯ್ತಿ" ಎಂದು ರೇಗಿಸುತ್ತಿದ್ದಿರಿ. ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಈ ಸಲದ ಕಥೆಯ ನಾಯಕ ದೀಪ ಆರದೆ ಅಂಗಿ ಬಿಚ್ಚುವುದಿಲ್ಲ. ಎಡ ಹೆಗಲಿನಿಂದ ಬೆನ್ನಿಗಿಳಿದ ಸುಟ್ಟ ಕಲೆ. ನಾಯಕಿ ಒಂದು ಮಧ್ಯಾಹ್ನ ಕಿಟಕಿ ತೆರೆದು, ಅದರ ಅಂಚನ್ನು ನಿಧಾನವಾಗಿ ತುಟಿಯಿಂದ ಸವರುತ್ತಾಳೆ. ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ. ಹದಿನಾರು ವರ್ಷದ ಸಂಸಾರದಲ್ಲಿ ನೀವು ಹಾಗೆ ಅತ್ತದ್ದು ಒಂದೇ ಸಲ. "ಇದು ನಿನ್ನ ಹತ್ರಾನೇ ಇರ್ಲಿ" ಎಂದಿದ್ದಿರಿ. ಡಾಕ್ಟರಿಗೂ ಹಿಂಜರಿದು ತೋರಿಸುವ ಬೆನ್ನನ್ನು ನಾನು ಪರರಿಗೆ ಓದಲು ಕೊಟ್ಟೆ.

"ಇನ್ನೂ ನಿಜ ಬೇಕಮ್ಮ, ನಿಜ" ಎಂದು ಹಿರಿಯರು ದುಂಬಾಲು ಬಿದ್ದಿದ್ದರು. ಕೈಗೆ ಸಿಕ್ಕಿದ್ದನ್ನು ಬರೆದುಬಿಟ್ಟೆ. ಓದಿ ನೀವು ಕರಗುತ್ತೀರಿ ಎಂದೂ ಅಂದುಕೊಂಡಿದ್ದೆ. ಎಂಥ ಮಂಕು ನಾನು!

ಅವತ್ತು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀವಿರಲಿಲ್ಲ. ಪ್ರೂಫ್ ಮೇಜಿನ ಮೇಲಿತ್ತು. ಆ ಪುಟದಲ್ಲೂ ಎರಡು ಕಾಗುಣಿತ ತಿದ್ದಿದ್ದಿರಿ, ಅಚ್ಚಿನಲ್ಲಿ ಬಿಟ್ಟುಹೋದ ಒಂದು ಸಾಲನ್ನು ಅಂಚಿನಲ್ಲಿ ಸೇರಿಸಿದ್ದಿರಿ. ಬೈದು ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ತಿದ್ದಿದ್ದೀರಲ್ಲ, ಅದನ್ನು ತಡೆದುಕೊಳ್ಳಲಾಗುತ್ತಿಲ್ಲ.

ಇನ್ನು ಬರೆಯುವುದಿಲ್ಲವೆಂದು ನಿನ್ನೆ ಹಿರಿಯರಿಗೆ ಹೇಳಿಬಂದೆ. ಮನೆಗೆ ಬನ್ನಿ. ಬೈಯುವುದಕ್ಕಾದರೂ ಬನ್ನಿ.

ನಿಮ್ಮವಳು

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಹಿರಿಯರು ದುಂಬಾಲು ಬಿದ್ದರೆಂದದ್ದು ಸುಳ್ಳು. ಕೈಬರಹದ ಪ್ರತಿ ಓದಿದಾಗಲೇ ಅವರು, "ಇದ್ಯಾರೋ ನಿಜವಾದ ಮನುಷ್ಯರದು ಅನ್ಸುತ್ತೆ, ತೆಗೆದ್ಬಿಡಿ. ಪಾಪ, ಅವ್ರು ನೊಂದ್ಕೋತಾರೆ" ಎಂದಿದ್ದರು. ಬರೀ ಕಲ್ಪನೆ ಎಂದು ವಾದಿಸಿ ಉಳಿಸಿಕೊಂಡವಳು ನಾನೇ. ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ಬರೆದಿರಲಿಲ್ಲ.