ಎಂಟು ಕಿಲೋಮೀಟರ್, ತೊಂಬತ್ತಮೂರು ತಿರುವು

ಮಾನ್ಯ ಆರೋಗ್ಯ ನಿರ್ದೇಶಕರೇ,

ನಮ್ಮ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಬರುವ ಒಂದನೇ ತಾರೀಖಿಗೆ ಮುಚ್ಚಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಕಾರಣ ಒಂದೇ ಸಾಲು: "ಬೆಟ್ಟದ ಆಚೆಗಿನ ಪಟ್ಟಣದ ದೊಡ್ಡಾಸ್ಪತ್ರೆಯು ಕೇವಲ ಎಂಟು ಕಿಲೋಮೀಟರ್ ದೂರದಲ್ಲಿರುವುದರಿಂದ." ಆ 'ಕೇವಲ'ಕ್ಕೆ ಕೈ ಮುಗಿದೆ. ಈ ಎರಡು ಊರುಗಳ ನಡುವೆ ನಾನು ಇಪ್ಪತ್ತೆರಡು ವರ್ಷದಿಂದ ಬಸ್ ಓಡಿಸುತ್ತಿದ್ದೇನೆ. ನನ್ನ ಬಸ್ಸಿನ ಮೀಟರು ಪ್ರತಿ ಸಲವೂ ಐವತ್ತೆಂಟು ಕಿಲೋಮೀಟರ್ ತೋರಿಸುತ್ತದೆ. ಉಳಿದ ಐವತ್ತನ್ನು ನಾನು ಎಲ್ಲೋ ಸುಮ್ಮನೆ ಸುತ್ತಾಡಿಕೊಂಡು ಬರುತ್ತಿದ್ದೇನೆಂದು ಇಲಾಖೆಗೆ ಅನುಮಾನ ಬಂದಿದ್ದರೆ ತಪ್ಪಿಲ್ಲ ಬಿಡಿ.

ಅನುಮಾನ ಬಗೆಹರಿಸಿಕೊಳ್ಳೋಣವೆಂದು ರಜೆ ಹಾಕಿ ತಮ್ಮ ಕಚೇರಿಗೇ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಯೋಜನಾ ಅಧಿಕಾರಿ, ಪಾಪ, ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು, ನೀರು ಕೊಟ್ಟರು, ಆಮೇಲೆ ಗೋಡೆಯ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ತೋರಿಸಿದರು.

"ನೋಡಿ ಇವ್ರೇ, ನಾಲ್ಕು ಸೆಂಟಿಮೀಟರ್. ಒಂದಕ್ಕೆ ಎರಡು ಕಿಲೋಮೀಟರ್. ಎಷ್ಟಾಯ್ತು?"

"ಎಂಟು ಸಾರ್. ಆದ್ರೆ ಮಧ್ಯ ಇದೆಯಲ್ಲ ಈ ಕಂದು ಬಣ್ಣ, ಅದೇನು?"

"ಅದು ಬೆಟ್ಟ."

"ಅದನ್ನ ದಾಟೋದು ಹೇಗೆ ಸಾರ್?"

"ಅದು ಸಾರಿಗೆ ಇಲಾಖೆಗೆ ಬರುತ್ತೆ."

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಗೋಡೆಗೆ ಅಂಟಿಸಿದ ಬೆಟ್ಟ ಅದಕ್ಕಿಂತ ನುಣ್ಣಗಿದೆ ಮಾನ್ಯರೇ. ನಾನೇ ಕೈಯಾಡಿಸಿ ನೋಡಿದೆ, ಬೆರಳಿಗೆ ಏನೂ ತಗಲಲಿಲ್ಲ.

ನಮ್ಮ ಕಡೆ ಯಾರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ತಿರುವಿನಲ್ಲಿ ಹೇಳುತ್ತಾರೆ. ಈಚೆಯಿಂದ ಆಚೆಗೆ ತೊಂಬತ್ತಮೂರು ತಿರುವು. ಹಾಲಿನ ಡೈರಿ ಇರುವ ಊರು ಹದಿನೆಂಟರಲ್ಲಿ, ಕಲ್ಲು ಒಡೆಯುವವರ ಊರು ನಲವತ್ತರಲ್ಲಿ, ಅಲ್ಲಿಂದ ಮುಂದೆ ನೆತ್ತಿಯವರೆಗೆ ಮನೆಯೇ ಇಲ್ಲ. "ಐವತ್ತೆರಡರಲ್ಲಿ ನಿಂತಿದೀನಿ" ಎಂದು ಫೋನ್ ಮಾಡಿದರೆ ಮೆಕ್ಯಾನಿಕ್ ಮರುಮಾತಿಲ್ಲದೆ ಹೊರಟು ಬರುತ್ತಾನೆ. ಆಕಾಶ ತಿಳಿಯಾಗಿದ್ದರೆ ಎರಡೂಕಾಲು ಗಂಟೆಯ ದಾರಿ. ಮಂಜು ಕವಿದರೆ ಮೂರೂವರೆ. ಬಂಡೆ ಉರುಳಿದರೆ ದೇವರೇ ಗತಿ. ರೆಕ್ಕೆ ಇರುವವರಿಗೆ ಎಂಟೇ ಕಿಲೋಮೀಟರ್, ಒಪ್ಪಿದೆ. ಆದರೆ ರೆಕ್ಕೆ ಇರುವವರು ಗೂಡಿನಲ್ಲೇ ಮೊಟ್ಟೆ ಇಡುತ್ತಾರೆ, ಅವರಿಗೆ ಯಾವ ಊರಿನ ವಾರ್ಡೂ ಬೇಡ.

ತಮ್ಮ ಯೋಜನೆಯ ಪರೀಕ್ಷೆ ಹೋದ ವರ್ಷವೇ ನಡೆದುಹೋಗಿದೆ. ವಾರ್ಡಿನ ಡಾಕ್ಟರು ಒಂದು ವಾರ ರಜೆಯಲ್ಲಿದ್ದರು. ಆಂಬ್ಯುಲೆನ್ಸ್ ಆಚೆಯ ಪಟ್ಟಣದಲ್ಲಿತ್ತು, ಅಂದರೆ ಕೇವಲ ಎಂಟು ಕಿಲೋಮೀಟರ್ ದೂರದಲ್ಲಿ. ಬೇಕರಿಯವರ ಸೊಸೆಗೆ ನೋವು ಶುರುವಾಗಿ, ಬೆಳಗಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಮ್ಮ ಕಂಡಕ್ಟರಮ್ಮ ಮೂರು ಮಕ್ಕಳ ತಾಯಿ, ಹಾಗಾಗಿ ಅವತ್ತು ಡಾಕ್ಟರೂ ಅವರೇ, ನರ್ಸೂ ಅವರೇ. ಹುಡುಗಿಯ ಅತ್ತೆ ನನ್ನ ಬೆನ್ನಿಗೇ ಬಂದು ನಿಂತು "ಅಣ್ಣಾ, ಬೇಗ ಹೊಡಿ, ನಿನ್ನ ಕಾಲಿಗೆ ಬೀಳ್ತೀನಿ" ಅನ್ನುತ್ತಿದ್ದಳು. ಕಂಡಕ್ಟರಮ್ಮ ಹಿಂದಿನಿಂದ "ಅಣ್ಣಾ, ಮೆಲ್ಲಗೆ, ಕುಲುಕಬೇಡಿ" ಎಂದು ಕೂಗುತ್ತಿದ್ದರು. ಇಬ್ಬರದೂ ಸರಿ. ಎರಡನ್ನೂ ಮಾಡಲಾಗದೆ ನಾನು ಅಳುತ್ತಾ ಓಡಿಸಿದೆ. ಅರವತ್ತೊಂದನೇ ತಿರುವಿನಲ್ಲಿ ಮಗು ಹುಟ್ಟಿತು. ಹೆಣ್ಣು. ಎಪ್ಪತ್ತರವರೆಗೆ ಉಸಿರಿತ್ತು.

ತಾಯಿ ಉಳಿದಳು. ಆದರೆ ಅವಳು ನನ್ನ ಬಸ್ ಹತ್ತುವುದನ್ನು ಬಿಟ್ಟಿದ್ದಾಳೆ, ನನಗೂ ಅವಳ ಮುಖ ನೋಡುವ ಧೈರ್ಯವಿಲ್ಲ. ನಿನ್ನ ತಪ್ಪೇನಿದೆ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ, ಎಪ್ಪತ್ತನೇ ತಿರುವು ಬಂದಾಗಲೆಲ್ಲ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಎಲ್ಲವನ್ನೂ ಬರೆದು ತಿಳಿಸಿದ್ದಕ್ಕೆ ತಮ್ಮ ಇಲಾಖೆ ಉತ್ತರ ಕೊಟ್ಟಿತು: "ಸದರಿ ಘಟನೆಯು ಎರಡೂ ಆಸ್ಪತ್ರೆಗಳ ಆವರಣದ ಹೊರಗೆ ಸಂಭವಿಸಿರುವುದರಿಂದ ಇಲಾಖೆಗೆ ಸಂಬಂಧಿಸಿರುವುದಿಲ್ಲ." ಅಯ್ಯೋ ಸ್ವಾಮಿ, ಆವರಣದ ಹೊರಗೆ ಸಂಭವಿಸಿತು ಎಂದೇ ಅಲ್ಲವೇ ನಾವು ಬಡಿದುಕೊಳ್ಳುತ್ತಿರುವುದು?

ಇನ್ನು ನನ್ನ ಸ್ವಾರ್ಥವನ್ನೂ ಮುಚ್ಚಿಡುವುದಿಲ್ಲ. ನನ್ನ ಮಗಳು ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಾಳೆ. ಎಂಟು ತಿಂಗಳು ತುಂಬಿದೆ, ಡಾಕ್ಟರು ಹೇಳಿದ ದಿನ ಮುಂದಿನ ತಿಂಗಳ ಹನ್ನೆರಡು. "ಒಂದು ವಾರ ಮೊದಲೇ ಆಚೆ ಊರಿಗೆ ಕರ್ಕೊಂಡು ಹೋಗಿಬಿಡಿ" ಎಂದು ತಮ್ಮ ಅಧಿಕಾರಿ ಪುಕ್ಕಟೆ ಸಲಹೆ ಕೊಟ್ಟರು. ಕರೆದುಕೊಂಡು ಹೋಗಬಹುದು. ಆದರೆ ಹುಟ್ಟುವ ಮಕ್ಕಳು ಕ್ಯಾಲೆಂಡರ್ ನೋಡಿಕೊಂಡು ಬರುತ್ತವೆಯೇ? ಬೇಕರಿಯವರ ಸೊಸೆಗೂ ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಹದಿನೇಳು ದಿನ ಬಾಕಿ ಇತ್ತು.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಲೇ ಕೇಳಿದಳು: "ಅಪ್ಪಾ, ಬಸ್ ನಿಲ್ಲಿಸೋಕೆ ಅಗಲ ಜಾಗ ಯಾವ ತಿರುವಲ್ಲಿದೆ?"

"ಬಿಡ್ತು ಅನ್ನು!" ಎಂದು ಹೆಂಡತಿ ಗದರಿದಳು. ಗದರಿದವಳು ಸೌಟು ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾಯುತ್ತಾ ನಿಂತಳು. ಉತ್ತರ ನನಗೆ ಗೊತ್ತಿತ್ತು. ಎದ್ದು ಕೈ ತೊಳೆದುಕೊಂಡು ಈ ಪತ್ರ ಬರೆಯಲು ಕೂತೆ.

ಅದನ್ನು ಹೇಳಬೇಕಾದವರು ತಾವು. ಒಂದನೇ ತಾರೀಖಿನೊಳಗೆ ಆದೇಶವನ್ನು ಹಿಂದಕ್ಕೆ ಪಡೆಯಿರಿ, ವಾರ್ಡು ತೆರೆದಿರಲಿ. ಆಗುವುದಿಲ್ಲವೆಂದರೆ, ನನ್ನ ಮಗಳು ಎಷ್ಟನೇ ತಿರುವಿನಲ್ಲಿ ಹೆರಬೇಕೆಂದು ಸಂಖ್ಯೆ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕಳುಹಿಸಿಕೊಡಿ. ನಾನೇ ಅದನ್ನು ಅವಳ ಕೈಗೆ ಕೊಡುತ್ತೇನೆ.

ಇಂತಿ,
ಎಂಟು ಕಿಲೋಮೀಟರಿಗೆ ಎರಡೂಕಾಲು ಗಂಟೆ ತೆಗೆದುಕೊಳ್ಳುವ
ಒಬ್ಬ ಸೋಮಾರಿ ಬಸ್ ಡ್ರೈವರ್