ಹಾಡು ಗುಣ ಮಾಡುತ್ತದೆಯೇ ಎಂದು ಕೇಳಿದ ಬೇಸಿಗೆ

ನೆಲತಂಪು ಆಸ್ಪತ್ರೆ, ವಿಜಯಪುರ
ವೈಶಾಖದ ನಲವತ್ತೊಂದನೆಯ ದಿನ, 2174

ನರ್ಸಿಂಗ್ ಓದುತ್ತಿರುವ ಹಿಂದಿನ ಕಾಲದ ನನ್ನ ತಂಗಿಯರೇ, ತಮ್ಮಂದಿರೇ,

ದಿನಾಂಕ ಬರೆಯುವಾಗ ನನ್ನ ಕೈ ತಪ್ಪಿಲ್ಲ. ನಮ್ಮ ಬೇಸಿಗೆ ನಿಮ್ಮದಕ್ಕಿಂತ ಬಹಳ ಉದ್ದ. ಹಳೆಯ ತಿಂಗಳುಗಳಲ್ಲಿ ಅದು ಹಿಡಿಸದೇ ಹೋದಾಗ ನಮ್ಮ ಹಿರಿಯರು ವೈಶಾಖವನ್ನೇ ಹಿಗ್ಗಿಸಿದರು. ಈಗ ಮೊದಲ ಮಳೆ ಬೀಳುವವರೆಗೆ ಜ್ಯೇಷ್ಠ ಹುಟ್ಟುವುದಿಲ್ಲ. ಮುಂದೆಯೂ ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ಬರುತ್ತವೆ, ಕ್ಷಮಿಸಿ. ನಿಮ್ಮ ಕಾಲದವರ ಬರಹ ಓದುವಾಗ ನಾನೂ ಹೀಗೆಯೇ ತಡವರಿಸಿದ್ದೇನೆ. ಆದರೆ ಮಲಗಿದವರ ಪಕ್ಕದಲ್ಲಿ ಎಚ್ಚರವಾಗಿ ನಿಲ್ಲುವ ಕೆಲಸ ನಿಮ್ಮದೂ ಅದೇ, ನಮ್ಮದೂ ಅದೇ. ಸಂಶೋಧನೆಯ ತರಗತಿ ಬಂದಾಗ ನಿಮ್ಮಲ್ಲಿ ಹಲವರಿಗೆ ಆಕಳಿಕೆ ಬರುತ್ತದೆ ಎಂದು ಕೇಳಿ ಬಲ್ಲೆ. ನನಗೂ ಬರುತ್ತಿತ್ತು. ಅದು ಹೇಗೆ ನಿಂತಿತು ಎಂಬುದನ್ನು ಹೇಳಲು ಈ ಪತ್ರ.

ನಮ್ಮ ಆಸ್ಪತ್ರೆ ಇರುವುದು ನೆಲದ ಕೆಳಗೆ. ಮೇಲೆ ಕರಿಮಣ್ಣು, ಅದರಡಿ ಬಂಡೆ, ಬಂಡೆಯನ್ನು ಕೊರೆದು ಮಾಡಿದ ವಾರ್ಡುಗಳು. ಬಿಸಿಲೇಟು ತಿಂದವರನ್ನು, ಅಂದರೆ ಹೊಲದಲ್ಲೋ ರಸ್ತೆಯಲ್ಲೋ ಕಾವು ತಲೆಗೇರಿ ಬಿದ್ದವರನ್ನು, ಮೊದಲು ನೀರುಹಾಸಿಗೆಯಲ್ಲಿ ಮಲಗಿಸುತ್ತೇವೆ. ಅದರ ಒಳಗೆ ಬಾವಿಯ ನೀರು ಸದಾ ಹರಿಯುತ್ತಿರುತ್ತದೆ. ಜ್ವರ ಇಳಿದ ಮೇಲೆ ಜೋಳದ ಅಂಬಲಿ, ಮಜ್ಜಿಗೆ, ಸ್ವಲ್ಪ ಸ್ವಲ್ಪ ನಡಿಗೆ. ಒಳಗೆ ಬರುವ ಪ್ರತಿಯೊಬ್ಬರ ಬಟ್ಟೆಬರೆ, ಚಪ್ಪಲಿ, ಮೈಮೇಲಿನ ಸಾಮಾನೆಲ್ಲ ಬಾಗಿಲಲ್ಲೇ ಶುದ್ಧಿಪೆಟ್ಟಿಗೆಗೆ ಹೋಗುತ್ತವೆ. ಬಿಸಿ ಧೂಳಿನಲ್ಲಿ ಬರುವ ಒಂದು ಬೂಷ್ಟು ನೆಲದಡಿಯ ವಾರ್ಡಿನಲ್ಲಿ ಹಬ್ಬಿದರೆ ಕಷ್ಟ. ಹಾಗಾಗಿ ಆ ಸಾಮಾನು ಕೆಲವು ದಿನ ಮಾಲೀಕರ ಕೈಗೆ ಸಿಗುವುದಿಲ್ಲ. ಎಲ್ಲರಿಗೂ ಒಗ್ಗಿಹೋದ ಈ ಪದ್ಧತಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ನಮ್ಮನ್ನು ಕಾಡುತ್ತಿದ್ದದ್ದು ಸಂಜೆಮಬ್ಬು. ವಯಸ್ಸಾದ ರೋಗಿಗಳು ಹಗಲೆಲ್ಲ ಸರಿಯಾಗಿದ್ದು, ಹೊತ್ತು ಇಳಿಯುತ್ತಲೇ ದಿಕ್ಕು ತಪ್ಪಿದವರಂತಾಗುತ್ತಿದ್ದರು. ಸತ್ತವರ ಹೆಸರು ಹಿಡಿದು ಕೂಗುವುದು, ಸಲೈನ್ ಕಿತ್ತುಹಾಕುವುದು, ಹಾಸಿಗೆಯಿಂದ ಇಳಿದು ಬೀಳುವುದು. ನಾನು ಕೆಲಸಕ್ಕೆ ಸೇರಿದ ವರ್ಷ ಹಾಗೆ ಬಿದ್ದ ಒಬ್ಬ ಅಜ್ಜಿ ಉಳಿಯಲಿಲ್ಲ. ಆಸ್ಪತ್ರೆಯ ಮಂಡಳಿಯವರು ಗಾಬರಿಯಾದರು. ಎಪ್ಪತ್ತು ದಾಟಿದ ಎಲ್ಲರ ಕೈಗಳನ್ನೂ ಸಂಜೆಯಾದರೆ ಮೆತ್ತನೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಬೇಕು ಎಂಬ ನಿಯಮ ತರಲು ಹೊರಟರು. ಪಟ್ಟಿ ಎಷ್ಟೇ ಮೆತ್ತಗಿರಲಿ, ಕಟ್ಟಿಸಿಕೊಂಡವರ ಕಣ್ಣು ನೋಡಿದವರಿಗೆ ಅನ್ನ ಇಳಿಯುವುದಿಲ್ಲ.

ನನ್ನ ಬಳಿ ಇದಕ್ಕೆ ಮದ್ದಿದೆ ಎಂದು ನಾನು ನಂಬಿದ್ದೆ. ತಂಗೆವ್ವ ಎಂಬ ಮುದುಕಿ ಒಂದು ಸಂಜೆ ಕೂಗಾಡುತ್ತಿದ್ದಾಗ ಅವಳ ಪಕ್ಕ ಕೂತು ತತ್ವಪದ ಹಾಡಿದ್ದೆ. ಮಗುವಿನ ಹಾಗೆ ನಿದ್ದೆ ಹೋದಳು. ಸಂಶೋಧನಾ ವಿಭಾಗದ ಮುಖ್ಯಸ್ಥೆ ರೆಹಾನಾ ಇನಾಮದಾರ್ ಅವರ ಕೋಣೆಗೆ ಹೋಗಿ, ಎಲ್ಲರಿಗೂ ಹಾಡು ಶುರು ಮಾಡಿದರೆ ಕಟ್ಟುವ ಅಗತ್ಯವೇ ಇರುವುದಿಲ್ಲ ಎಂದೆ. ಅವರೂ ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ನರ್ಸ್. ನಗಲಿಲ್ಲ, ಹೊಗಳಲೂ ಇಲ್ಲ.

"ತಂಗೆವ್ವ ಹಾಡಿಗೆ ಮಲಗಿದಳೋ, ದಣಿದು ಮಲಗಿದಳೋ?" ಎಂದು ಕೇಳಿದರು.

"ಹಾಡಿಗೇ ರೀ ಅಕ್ಕೋರ. ನಾ ಕಣ್ಣಾರೆ ನೋಡೀನಿ."

"ನೀ ನೋಡಿದ್ದು ಖರೇ ನೀಲಾ. ಆದ್ರ ಹಾಡದೇ ಇದ್ದಿದ್ರ ಏನಾಗ್ತಿತ್ತಂತ ನೋಡೀಯೇನು?"

ನೋಡಿರಲಿಲ್ಲ. ಸಂಶೋಧನೆಯ ಮೊದಲ ಪಾಠ ನನಗೆ ಆದದ್ದು ಆ ಪ್ರಶ್ನೆಯಿಂದ. ಮುಂದಿನ ವಾರಗಳಲ್ಲಿ ಅವರು ನನ್ನನ್ನು ಕೂರಿಸಿಕೊಂಡು ಕಲಿಸಿದರು. ಪ್ರಶ್ನೆಯನ್ನು ಕುಗ್ಗಿಸಿ ಕುಗ್ಗಿಸಿ ಉತ್ತರ ಸಿಗುವ ಅಳತೆಗೆ ತರಬೇಕು. "ಹಾಡು ಒಳ್ಳೆಯದೇ?" ಎಂದು ಕೇಳಿದರೆ ಪ್ರಯೋಜನವಿಲ್ಲ, ಯಾವ ರೋಗಿಗೆ, ಯಾವಾಗ, ಯಾವುದಕ್ಕೆ ಹೋಲಿಸಿ, ಏನು ಕಡಿಮೆಯಾಗಬೇಕು ಎಂದು ಮೊದಲೇ ಹೇಳಬೇಕು. ಹಿಂದಿನವರು ಏನು ಕಂಡಿದ್ದಾರೆ ಎಂದು ಓದಬೇಕು. ನಿಮ್ಮ ಶತಮಾನದ ಬರಹಗಳನ್ನು ನಾನು ಓದಿದ್ದು ಆಗಲೇ. ಯಾರಿಗೆ ಹಾಡು, ಯಾರಿಗೆ ಎಂದಿನ ಆರೈಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು, ಅದನ್ನೂ ರೋಗಿಗಳನ್ನು ಕಾಣದವರು ಎತ್ತಬೇಕು, ಇಲ್ಲವಾದರೆ ನಮ್ಮ ಪ್ರೀತಿ ನಮಗೇ ಗೊತ್ತಾಗದಂತೆ ಆರಿಸಿಬಿಡುತ್ತದೆ ಎಂದರು. ಇದು ಮಾತ್ರ ನನಗೆ ಸೇರಲಿಲ್ಲ.

"ಅರ್ಧ ಮಂದಿಗೆ ಹಾಡು, ಅರ್ಧ ಮಂದಿ ಒದ್ದಾಡಲಿ ಅಂತೀರೇನ್ರೀ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಹಾಡಿನಿಂದ ಒಳ್ಳೇದಾಗ್ತದಂತ ಗೊತ್ತಿದ್ರ ಇವತ್ತೇ ಎಲ್ಲರಿಗೂ ಕೊಡೋಣು. ಗೊತ್ತಿಲ್ಲಂದ್ರ, ಗೊತ್ತದ ಅಂತ ಹೇಳಿ ಅವರ ಮ್ಯಾಲೆ ಹಾಕೋದು ಯಾವ ನ್ಯಾಯ?"

ಆ ಮಾತಿಗೆ ನಾನು ಒಪ್ಪಿದೆ, ಪರೀಕ್ಷೆಗೆ ನೀತಿ ಸಮಿತಿ ಒಪ್ಪಿತು. ಮಳೆ ಬೀಳುವವರೆಗೆ ಕೈಕಟ್ಟುವ ನಿಯಮವನ್ನು ತಡೆಹಿಡಿಯಲು ಮಂಡಳಿಯೂ ಒಪ್ಪಿತು. ನಾನು ಒಬ್ಬೊಬ್ಬ ರೋಗಿಯ ಬಳಿಯೂ ಹೊತ್ತು ಏರುವ ಮೊದಲೇ, ತಲೆ ತಿಳಿಯಾಗಿರುವಾಗ ಹೋಗಿ ಕೂತು ಎಲ್ಲವನ್ನೂ ವಿವರಿಸಿದೆ. ಬೇಡ ಎಂದವರ ಆರೈಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ ಎಂದು ಹೇಳಿದೆ. ಕೆಲವರು ಬೇಡ ಎಂದರು. ಗುರುಪಾದಪ್ಪ ಬಿರಾದಾರ ಎಂಬವರು ಒಪ್ಪಿದರು. ಪ್ರಾಯದಲ್ಲಿ ಗಾಳಿಯಂತ್ರದ ಕಂಬಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದ ಮನುಷ್ಯ. ಅವರ ಮಗಳು ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಎರಡೆರಡು ಸಲ ಹೇಳಿದ ಮೇಲೆ ತಲೆಯಾಡಿಸಿದರು. ಅವರ ಚೀಟಿಯಲ್ಲಿ ಹಾಡು ಬಂತು.

ಸಂಜೆ ಸಂಜೆ ನಾವು ಹಾಡಿದೆವು. ನಾವು ಹಾಡಿ ಎದ್ದುಹೋದ ಮೇಲೆ ರಾತ್ರಿ ಬೇರೆ ವಾರ್ಡಿನ ನರ್ಸ್ ಬಂದು, ಯಾರು ಹಾಡು ಕೇಳಿದ್ದರು ಎಂದು ತಿಳಿಯದೆಯೇ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಅವರ ಸ್ಥಿತಿ ಬರೆದುಕೊಳ್ಳುತ್ತಿದ್ದಳು. ನಾನು ಗೆದ್ದೇ ಗೆಲ್ಲುತ್ತೇನೆಂಬ ಹುರುಪಿನಲ್ಲಿದ್ದೆ. ಆಗಲೇ ಗುರುಪಾದಪ್ಪನವರು, ನಾನು ಎದುರು ಕೂತು ಹಾಡುತ್ತಿದ್ದ ಹಾಗೆಯೇ ಬೆದರಿ ಸಲೈನ್ ಕಿತ್ತು ನನ್ನನ್ನು ದೂಡಿದರು. ಹಾಸಿಗೆಯ ಮೇಲೆಲ್ಲ ರಕ್ತ.

ನನ್ನ ಜೊತೆಗಾತಿ ಶಾಂತವೀರಮ್ಮ ಮರುದಿನ ಮೆಲ್ಲಗೆ ಹೇಳಿದಳು. "ಅಜ್ಜಾಗ ಕಿವಿ ಕೇಳಂಗಿಲ್ಲ. ಕೇಳದವಂಗ ಹಾಡು ಯಾತರದು? ಲೆಕ್ಕದಾಗಿಂದ ಬಿಟ್ಟುಬಿಡು. ಇಲ್ಲಾಂದ್ರ ಪಟ್ಟಿ ಕಟ್ಟೋರು ಗೆಲ್ತಾರ."

ಅವಳ ಮಾತು ಕೆಟ್ಟ ಮನಸ್ಸಿನದಲ್ಲ. ರೋಗಿಗಳನ್ನು ಪಟ್ಟಿಯಿಂದ ಉಳಿಸಲೆಂದೇ ಹೇಳಿದ್ದು. ಆದರೆ ನನಗೆ ಬೇಕಾದ ಉತ್ತರ ಕೊಟ್ಟವರನ್ನಷ್ಟೇ ಇಟ್ಟುಕೊಂಡರೆ ನಾನು ಕೇಳಿದ್ದು ಪ್ರಶ್ನೆಯೇ ಅಲ್ಲ ಎಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. "ಇರಲಿ, ಅಜ್ಜ ಲೆಕ್ಕದಾಗೇ ಇರಲಿ" ಎಂದೆ. ಹೇಳಿ ನೇರ ಅವರ ಹತ್ತಿರ ಹೋದೆ. ಹಗಲಾಗಿತ್ತು, ಮಗಳು ಪಕ್ಕದಲ್ಲಿದ್ದಳು. ನಿನ್ನೆ ಸಂಜೆ ಏನಾಯಿತೆಂದು ಅವಳಿಂದ ಅಜ್ಜನ ಕಿವಿಯ ಹತ್ತಿರ ಕೇಳಿಸಿದೆ.

"ಯಾರೋ ಬಿಳಿ ಅರಬಿ ಹಾಕ್ಕೊಂಡೋರು ಮುಂದ ಕುಂತು ಬಾಯಿ ತಗದು ತಗದು ಬೈಯಾಕತ್ತಿದ್ರು ತಂಗಿ," ಎಂದರು ಅಜ್ಜ. "ಮಾರಿ ಕಾಣವಲ್ದು, ಮಾತು ಕೇಳವಲ್ದು. ನಾ ಏನ್ ತಪ್ಪು ಮಾಡೀನಿ ಅಂತ ಅಂಜಿಕಿ ಬಂತು. ನನ್ನ ಚಸ್ಮಾ, ಕಿವೀ ಮಷೀನು ಬಾಗಲದಾಗ ಕಸಗೊಂಡೀರಿ. ಕೊಟ್ಟಿದ್ರ ನೀ ಹಾಡೋದು ನಾನೂ ಕೇಳ್ತಿದ್ದೆ."

ಆ ಕ್ಷಣ ನನಗಾದದ್ದು ನಾಚಿಕೆಯೋ ಸಂತೋಷವೋ ಹೇಳಲಾರೆ. ಓಡಿಹೋಗಿ ಅಕ್ಕೋರಿಗೆ ಹೇಳಿದೆ. ಶುದ್ಧಿಪೆಟ್ಟಿಗೆಯೇ ಕಾರಣ, ಇವತ್ತೇ ಎಲ್ಲರ ಸಾಮಾನು ಕೊಡಿಸೋಣ ಎಂದೆ. ಅವರು ನನ್ನ ಮುಖ ನೋಡಿದರು. ನಾನೇ ನಕ್ಕುಬಿಟ್ಟೆ. ಒಬ್ಬರ ಮಾತು ಪ್ರಶ್ನೆ ಹುಟ್ಟಿಸುತ್ತದೆ, ಉತ್ತರ ಕೊಡುವುದಿಲ್ಲ. ಅಜ್ಜನಿಗೆ ಮಾತ್ರ ಅವರ ಚಸ್ಮಾ, ಮಷೀನು ಆ ಹೊತ್ತೇ ಕೊಡಿಸಿದರು. ಕೇಳಿದವರಿಗೆ ಅವರದೇ ಸಾಮಾನು ಕೊಡಲು ಯಾವ ಸಂಶೋಧನೆಯೂ ಬೇಡ ಎಂದರು. ನಿಯಮ ಬದಲಿಸುವುದಕ್ಕೆ ಮಾತ್ರ ಸಾಕ್ಷಿ ಬೇಕು.

ಹಾಡಿನ ಲೆಕ್ಕ ಮುಗಿದಾಗ ಎರಡು ಗುಂಪಿನಲ್ಲೂ ಸಂಜೆಮಬ್ಬು ಸರಿಸಮ. ನನ್ನ ಹಾಡು ಮದ್ದಾಗಿರಲಿಲ್ಲ. ಅದನ್ನು ಹಾಗೆಯೇ ಬರೆದು, ನನ್ನ ಹೆಸರು ಹಾಕಿ, ಮಂಡಳಿಯ ಮುಂದೆ ಓದಿದೆ. ಸೋತದ್ದನ್ನು ಸೋತೆ ಎಂದು ಓದಿದವಳ ಮಾತಿಗೆ ಅವರು ಇನ್ನೊಂದು ಬೇಸಿಗೆಯ ಅವಕಾಶ ಕೊಟ್ಟರು. ಆ ವರ್ಷ ಕೆಲವರಿಗೆ ಕನ್ನಡಕ, ಕಿವಿಯ ಯಂತ್ರಗಳನ್ನು ಬಾಗಿಲಲ್ಲೇ ಒರೆಸಿ ಶುದ್ಧ ಮಾಡಿ ಕೂಡಲೇ ಕೊಟ್ಟೆವು, ಉಳಿದವರಿಗೆ ಎಂದಿನಂತೆ. ತಮ್ಮದು ಬೇಕೆಂದು ಕೇಳಿದವರಿಗೆ ಆಗಲೂ ಇಲ್ಲವೆನ್ನಲಿಲ್ಲ. ಈ ಸಲ ವ್ಯತ್ಯಾಸ ಎದ್ದು ಕಂಡಿತು. ಕೂಡಲೇ ಸಿಕ್ಕವರಲ್ಲಿ ದಿಕ್ಕು ತಪ್ಪಿದವರು, ಬಿದ್ದವರು ಬಹಳ ಕಡಿಮೆ. ಬೂಷ್ಟೂ ಹೆಚ್ಚಲಿಲ್ಲ. ಮೊದಲ ಮಳೆಯ ಹೊತ್ತಿಗೆ ಕೈಕಟ್ಟುವ ನಿಯಮದ ಮಾತೇ ಬಿದ್ದುಹೋಯಿತು. ಸಂಜೆಮಬ್ಬು ಪೂರ್ತಿ ಹೋಗಿಲ್ಲ, ಈಗಲೂ ಕೆಲವರಿಗೆ ಬರುತ್ತದೆ. ಅವರ ಪಕ್ಕದಲ್ಲಿ ಯಾರಾದರೂ ಕೂರುತ್ತೇವೆ. ಬೇಕೆಂದವರಿಗೆ ಹಾಡುತ್ತೇವೆ ಕೂಡ, ಸಂತೋಷಕ್ಕೆ.

ಈಗ ಅಕ್ಕೋರ ಕುರ್ಚಿಯಲ್ಲಿ ನಾನಿದ್ದೇನೆ. "ಕಣ್ಣು ಕಿವಿ ಮೊದಲು" ಎಂಬ ನಮ್ಮ ನಿಯಮ ಪ್ರತಿ ವಾರ್ಡಿನ ಬಾಗಿಲ ಮೇಲೂ ಹಲಗೆಯಾಗಿ ತೂಗುತ್ತಿದೆ. ಹೋದ ವಾರ ಫರ್ಜಾನಾ ಎಂಬ ಹೊಸ ನರ್ಸ್ ಬಂದಳು. ಈಗಿನ ಕಿವಿಯಂತ್ರಗಳು ಬಹಳ ಚುರುಕು, ರಾತ್ರಿಯ ಸಣ್ಣ ಸಪ್ಪಳವನ್ನೂ ಹಿಡಿದು ರೋಗಿಗಳ ನಿದ್ದೆ ಕೆಡಿಸುತ್ತಿವೆಯೇನೋ, ಪರೀಕ್ಷಿಸಬೇಕು ಎಂದಳು. ಅವಳ ಪ್ರಶ್ನೆ ಚೊಕ್ಕವಾಗಿತ್ತು. ಸಹಿ ಮಾಡಿದೆ. ಅವಳು ಹೋಗದೆ ನಿಂತಳು.

"ಅಕ್ಕೋರ, ನಿಮ್ಮ ನಿಯಮ ತಪ್ಪಂತ ಬಂದ್ರ?"

"ಬಂದ್ರ ಹಲಗಿ ನೀನೇ ಇಳಸು," ಎಂದೆ. "ಸ್ಟೂಲು ನಾ ಹಿಡಕೋತೀನಿ."

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ವಾರ್ಡಿನಲ್ಲಿ ಏಳುವ ಪ್ರಶ್ನೆಗಳನ್ನು ಕೇಳಿ. ಉತ್ತರ ನಿಮಗೆ ಒಗ್ಗದಿದ್ದರೂ ಬರೆದಿಡಿ. ನಾವು ಓದುತ್ತೇವೆ.

ನಿಮ್ಮ ಮುಂದಿನ ಕಾಲದವಳು,
ನೀಲಗಂಗಾ ಹಡಪದ