ಮುಂದೆ ಮೆತ್ತನೆ, ಹಿಂದೆ ಗಟ್ಟಿ

3 ಅಕ್ಟೋಬರ್ 2005, ಸೋಮವಾರ. ಬೆಳಿಗ್ಗೆ 6.30

ಶೋಳಿಂಗನಲ್ಲೂರ್ ತಿರುವಿನಲ್ಲಿ ರಸ್ತೆ ಅಗಲ ಮಾಡುವವರು ಜಲ್ಲಿ ಸುರಿದು ಹೋದದ್ದು ಆಗಸ್ಟ್ 22ರಂದು. ಇವತ್ತಿಗೆ ನಲವತ್ತೆರಡು ದಿನ. ಪತ್ರಿಕೆಗೆ ಮೂರನೇ ಪತ್ರ ಬರೆದಾಯಿತು. 1978ರಲ್ಲಿ ಅಡ್ಯಾರ್ ಹತ್ತಿರ ಹೀಗೇ ಬಿಟ್ಟ ಜಲ್ಲಿಯಲ್ಲಿ ಒಬ್ಬ ಪೋಸ್ಟ್‌ಮನ್ ಬಿದ್ದು ಕಾಲು ಮುರಿದುಕೊಂಡ. ಯಾರಿಗೂ ನೆನಪಿಲ್ಲ. ನನಗಿದೆ.

ಕಾಫಿ ತಂದಿಟ್ಟು ತುಂಗಾ ಕೇಳಿದಳು — ಊರಿನ ರಸ್ತೆಯೆಲ್ಲ ನೋಡಿ ಆಯಿತು, ನಮ್ಮ ಕಾರಿನ ಟೈರ್ ನೋಡೋದು ಯಾವಾಗ? ಹೆಂಡತಿಯ ಮಾತು ಸರಿ. ನಾಲ್ಕೂ ಸವೆದಿವೆ. ಇನ್ಷೂರೆನ್ಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಬೋಳು ಟೈರ್ ತೋರಿಸಿ ಜನರ ಕ್ಲೇಮ್ ತಳ್ಳಿಹಾಕಿದವನು ನಾನು. ರಿಟೈರ್ ಆದ ಮೇಲೆ ಈ ಎರಡು ಸೀಟಿನ ಕೆಂಪು ಕಾರು. ಸೆಕೆಂಡ್ ಹ್ಯಾಂಡ್. ಆದರೂ ಸ್ಪೋರ್ಟ್ಸ್ ಕಾರೇ. ಅಕ್ಕಪಕ್ಕದವರು ನಕ್ಕರು. ನಗಲಿ.

5 ಅಕ್ಟೋಬರ್

ಮೂರು ಪುಸ್ತಕ, ಎರಡು ಮ್ಯಾಗಜೀನ್ ಓದಿದೆ. ಟೈರಿನ ಬದಿಯಲ್ಲಿ ಒಂದು ಅಂಕಿ ಇರುತ್ತದೆ. ಅಂಕಿ ಸಣ್ಣದಾದರೆ ರಬ್ಬರ್ ಮೆತ್ತಗೆ — ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ದೊಡ್ಡದಾದರೆ ಗಟ್ಟಿ. ವರ್ಷಗಟ್ಟಲೆ ಬಾಳುತ್ತದೆ, ಮಳೆಯಲ್ಲಿ ಜಾರುತ್ತದೆ. ಎರಡೂ ಬೇಕೆಂದರೆ?

ಹೊಳೆಯಿತು. ಈ ಕಾರನ್ನು ಓಡಿಸುವುದು ಹಿಂದಿನ ಚಕ್ರ. ಸವೆಯುವುದೂ ಹಿಂದಿನದೇ. ಹಿಂದೆ ಗಟ್ಟಿ ಹಾಕುವುದು. ತಿರುಗುವುದು, ಬ್ರೇಕ್ ಹಿಡಿಯುವುದು ಮುಂದಿನದು. ಅಲ್ಲಿ ಮೆತ್ತನೆಯದು. ಇಷ್ಟು ಸರಳವಾದದ್ದು ಯಾರಿಗೂ ಯಾಕೆ ತೋಚಿಲ್ಲವೋ.

8 ಅಕ್ಟೋಬರ್, ಶನಿವಾರ

ಪ್ಯಾರೀಸ್ ಕಾರ್ನರ್ ಹಿಂದಿನ ಗಲ್ಲಿ, ಬಾಬುವಿನ ಟೈರ್ ಅಂಗಡಿ. ನನ್ನ ಸ್ಕೂಟರ್ ಕಾಲದಿಂದ ಗುರುತು. ಹಿಂದೆ ಗಟ್ಟಿ, ಮುಂದೆ ಮೆತ್ತನೆ ಎಂದೆ. ತನ್ನ ತಮಿಳು ಬೆರೆತ ಕನ್ನಡದಲ್ಲಿ ಬೇಡವೇ ಬೇಡ ಎಂದ. ಹಾಕಿದರೆ ನಾಲ್ಕೂ ಒಂದೇ ಜಾತಿ ಹಾಕಬೇಕಂತೆ.

"ವೇಣಾಂ ಸಾರ್. ಮುಂದಿನದು ಹಿಡ್ಕೊಳತ್ತೆ, ಹಿಂದಿನದು ಬಿಡತ್ತೆ. ಮಳೇಲಿ ತಿರುಗಿಸಿದ್ರೆ ವಂಡಿ ಬಾಲ ಹಾರತ್ತೆ."

ಓದಿದ್ದನ್ನೆಲ್ಲ ಹೇಳಿದೆ. ಕಾಲು ಗಂಟೆ. ಪಾಪ, ಕೇಳಿಸಿಕೊಂಡ. ಕೊನೆಗೆ ಬಿಲ್ಲಿನ ಮೇಲೆ 'ಬೇಡವೆಂದು ಹೇಳಿದ ಮೇಲೂ ಗಿರಾಕಿಯ ಇಷ್ಟದಂತೆ' ಎಂದು ಬರೆದು ಸಹಿ ಕೇಳಿದ. ನಗು ಬಂತು. ಕಾಗದ ಕೇಳುವುದು ನನ್ನ ಕಸುಬಾಗಿತ್ತು! ಗುಂಡಾಗಿ ಸಹಿ ಹಾಕಿಕೊಟ್ಟೆ.

16 ಅಕ್ಟೋಬರ್, ಭಾನುವಾರ

ಪ್ರತಿ ಭಾನುವಾರ ತುಂಗಾಳ ಅಕ್ಕನ ಮನೆಗೆ ಹೋಗುವುದು ಆ ತಿರುವಿನಲ್ಲೇ. ಜಲ್ಲಿ ಇಲ್ಲ! ಕಾರು ನಿಲ್ಲಿಸಿ ಇಳಿದು ನೋಡಿದೆ. ಸೈಟ್ ಸೂಪರ್‌ವೈಸರ್ ಓಡಿ ಬಂದ. ಗಂಗಾಧರ, ಕೋಲಾರದ ಕಡೆಯವನು. ಪತ್ರ ಬರೆಯುವ ಸಾರ್ ನೀವೇನಾ ಎಂದು ಕನ್ನಡದಲ್ಲೇ ಕೇಳಿದ. ಎರಡು ದಿನ ತಾನೇ ನಿಂತು ಗುಡಿಸಿಸಿದನಂತೆ.

"ಒಂದು ಕಲ್ಲು ಸಿಕ್ಕಿದ್ರೂ ಹೇಳಿ ಸಾರ್."

ಸಿಗಲಿಲ್ಲ. ಮೆಚ್ಚಿ ನಾಲ್ಕು ಸಾಲು ಪತ್ರಿಕೆಗೆ ಬರೆಯಬೇಕು ಅಂದುಕೊಂಡೆ. ಬರೆಯಲಿಲ್ಲ.

24 ಅಕ್ಟೋಬರ್

ನಿನ್ನೆ. ಮಳೆ. ಅದೇ ತಿರುವು. ವೇಗ ಹೆಚ್ಚಿರಲಿಲ್ಲ. ಮುಂಭಾಗ ಚೆನ್ನಾಗಿಯೇ ತಿರುಗಿತು... ಹಿಂಭಾಗ ತಿರುಗುತ್ತಲೇ ಹೋಯಿತು. ಒಂದೂವರೆ ಸುತ್ತು. ಬಾಗಿಲ ಕಡೆಯಿಂದ ಡಿವೈಡರಿಗೆ ಬಡಿಯಿತು — ತುಂಗಾ ಕೂತಿದ್ದ ಕಡೆ. ಮುಂದಕ್ಕೆ ಊರಿದ್ದ ಅವಳ ಬಲಗೈ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರ್.

ಜನ ಸೇರಿದರು. ಏನಾಯ್ತು ಸಾರ್ ಎಂದರು. ಜಲ್ಲಿ ಎಂದೆ. ಬಾಯಿಗೆ ಅದೇ ಬಂತು. ಎರಡು ತಿಂಗಳಿಂದ ಅದನ್ನೇ ಬರೆಯುತ್ತಿದ್ದೆನಲ್ಲ.

ಆಸ್ಪತ್ರೆಯಿಂದ ಬಂದು ಅದನ್ನೇ ಬರೆದು ಕಳಿಸಿದೆ.

28 ಅಕ್ಟೋಬರ್

ಅಚ್ಚಾಗಿದೆ. ಮೊದಲ ಪತ್ರವೇ ನನ್ನದು. 'ನನ್ನ ಹೆಂಡತಿಯ ಕೈ ಮುರಿದ ಜಲ್ಲಿಗೆ ಉತ್ತರ ಕೊಡುವವರು ಯಾರು?' ಒಂಬತ್ತು ಫೋನ್ ಬಂದವು. ಭೇಷ್ ಎಂದರು. ತುಂಗಾ ಎಡಗೈಯಲ್ಲಿ ಪೇಪರ್ ಹಿಡಿದು ಓದಿದಳು. ಮಡಿಸಿಟ್ಟಳು.

5 ನವೆಂಬರ್

ಬಾಗಿಲು ರಿಪೇರಿಯಾಗಿ ಕಾರು ಬಂತು. ನೇರ ಬಾಬುವಿನ ಅಂಗಡಿಗೆ. ಹಿಂದಿನ ಎರಡು ತೆಗೆದು ಮುಂದಿನ ಥರದ್ದೇ ಹಾಕು ಎಂದೆ. ತಗ್ಗಿದ ದನಿಯಲ್ಲಿ ಹೇಳಿದೆ. ಯಾಕೆ ತಗ್ಗಿಸಿದೆನೋ.

ಜಾಕ್ ಕೊಟ್ಟು ಎತ್ತುತ್ತಾ ಕೇಳಿದ, ಮುಖ ನೋಡದೆ.

"ಜಲ್ಲಿ ಅಂತ ಬರೆದಿದ್ರಲ್ಲ ಸಾರ್. ಮತ್ತೆ ಟೈರ್ ಯಾಕೆ?"

ದುಡ್ಡು ಎಣಿಸಿ ಕೊಟ್ಟೆ. ತೆಗೆದ ಎರಡು ಟೈರ್ ಅಲ್ಲೇ ಬಿಟ್ಟು ಬಂದೆ. ಹೊಚ್ಚ ಹೊಸವು. ನನ್ನ ಆಯುಸ್ಸು ಮುಗಿದರೂ ಅವು ಸವೆಯುತ್ತಿರಲಿಲ್ಲ.

12 ನವೆಂಬರ್, ಶನಿವಾರ. ಸಂಜೆ 4

ಗೇಟಿನ ಹತ್ತಿರ ಗಂಗಾಧರ. ಒಳಗೆ ಬಾ ಎಂದರೂ ಬರಲಿಲ್ಲ. ಜೇಬಿನಲ್ಲಿ ನನ್ನ ಪತ್ರದ ಕಟಿಂಗ್. ಕೆಲಸದಿಂದ ತೆಗೆದಿದ್ದಾರೆ. ಗುಡಿಸಿಸಿದೆ ಎಂದು ಸುಳ್ಳು ರಿಪೋರ್ಟ್ ಕೊಟ್ಟವನು ಎಂದು ಬರೆದು ತೆಗೆದಿದ್ದಾರೆ. ಬೇರೆ ಸೈಟಿನವರೂ ಸೇರಿಸುವುದಿಲ್ಲವಂತೆ. ಬೈಯಲಿಲ್ಲ. ಬೈದಿದ್ದರೆ...

"ನೀವೇ ಇಳಿದು ನೋಡಿದ್ರಲ್ಲ ಸಾರ್ ಆವತ್ತು. ಅಷ್ಟು ಮಾತ್ರ ಬರೆದುಕೊಡಿ."

ನೋಡೋಣ ಎಂದೆ. ಮೂವತ್ತೊಂದು ವರ್ಷ ಕೌಂಟರಿನ ಈಚೆಯಿಂದ ಹೇಳಿದ ಅದೇ ನೋಡೋಣ. ಹೋದ.

ತುಂಗಾ ಬಾಗಿಲಲ್ಲಿ ನಿಂತಿದ್ದಳು, ಪ್ಲಾಸ್ಟರ್ ಕೈ ಎದೆಗೊತ್ತಿಕೊಂಡು.

"ಏನೂಂದ್ರೆ, ನಾನೂ ಪಕ್ಕದಲ್ಲೇ ಕೂತಿದ್ದೆನಲ್ಲ. ಜಲ್ಲಿ ಎಲ್ಲಿತ್ತು?"

ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದೆ. ನೀವೇ ಹೇಳ್ತೀರಿ ಅಂತ ಕಾದೆ ಎಂದಳು. ಒಳಗೆ ಹೋಗಿ ಒಂದೇ ಕೈಯಲ್ಲಿ ಅಕ್ಕಿ ತೊಳೆಯತೊಡಗಿದಳು.

14 ನವೆಂಬರ್. ಬೆಳಿಗ್ಗೆ

ಬಾಬು ಬಿಲ್ಲಿನ ನಕಲು ಕೊಟ್ಟ. ನನ್ನ ಸಹಿ, ಗುಂಡಾಗಿ. ಪತ್ರದ ಜೊತೆ ಲಗತ್ತಿಸಬೇಕು. ಇನ್ನೊಂದು ನಕಲು ಗಂಗಾಧರನ ಕಂಟ್ರಾಕ್ಟರಿಗೆ. ಕರಡು ಇಲ್ಲೇ ಮಾಡುತ್ತೇನೆ:

ಸಂಪಾದಕರೇ, ಅಕ್ಟೋಬರ್ 23ರಂದು ಶೋಳಿಂಗನಲ್ಲೂರ್ ತಿರುವಿನಲ್ಲಿ ಒಂದೂ ಕಲ್ಲು ಇರಲಿಲ್ಲ. ಇತ್ತು ಎಂದು ನಿಮ್ಮ ಪತ್ರಿಕೆಯಲ್ಲಿ ಬರೆದವನು ಒಬ್ಬ ಪ್ರಾಮಾಣಿಕನ ಅನ್ನ ಕಿತ್ತಿದ್ದಾನೆ. ಅವನು ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಎಲ್ಲರಿಗೂ ಉತ್ತರ ಕೊಡಬೇಕು ಎಂದು ಒತ್ತಾಯಿಸುತ್ತೇನೆ. ಅವನ ಹೆಸರು